ಅಟ್ಟ ಇಳಿಸುವವರೆಗೆ

ಮೊದಲ ಸಲ ಚಪ್ಪಲಿ ಕಳೆದುಕೊಂಡಾಗ ನಾನು ನಮ್ಮನೆಯವರ ಮೇಲೆ ಹರಿಹಾಯ್ದಿದ್ದೆ. ಹಂದನಕೆರೆಯಲ್ಲಿ ದಿನಸಿ ಕೊಂಡು, ಬಸ್ಸಿಳಿದು, ತೋಟದ ಮನೆಯ ಹಾದಿಯಲ್ಲಿ ಗಂಡ ಹೆಂಡತಿ ಇಬ್ಬರೂ ನಡೆದು ಬರುತ್ತಿದ್ದೆವು. ಚೀಲ ಹೊತ್ತು ಹಿಂದೆ ಬರುತ್ತಿದ್ದ ಅವರು, "ಏನೇ, ಒಂದೇ ಕಾಲಿಗೆ ಚಪ್ಪಲಿ ಹಾಕ್ಕಂಡು ನಡೀತೀನಿ ಅಂತ ಏನಾರ ಹರಕೆ ಹೊತ್ತಿದೀಯಾ?" ಎಂದು ನಕ್ಕರು. ಬಗ್ಗಿ ನೋಡಿದೆ. ಎಡಗಾಲು ಬರಿಗಾಲು. ಹಿಮ್ಮಡಿಯಲ್ಲಿ ಒಂದು ಜಾಲಿಮುಳ್ಳು ಬುಡದವರೆಗೂ ಹೊಕ್ಕಿತ್ತು.

"ಮೊದ್ಲೇ ಹೇಳಕ್ಕೆ ನಿಮ್ ಬಾಯಿಗೇನಾಗಿತ್ತು?" ಎಂದೆ.

"ನಿನ್ ಕಾಲಿನ ಚಪ್ಪಲಿ ಬಿದ್ದೋಗಿದ್ದು ನಿಂಗೆ ಗೊತ್ತಾಗ್ಬೇಕೋ ನಂಗೆ ಗೊತ್ತಾಗ್ಬೇಕೋ?"

ಬದುವಿನ ಮೇಲೆ ಕೂತು ಮುಳ್ಳು ಕಿತ್ತೆ. ರಕ್ತ ಬಂತು, ನೋವು ಬರಲಿಲ್ಲ. ನೋವಾಗಲಿಲ್ಲವಲ್ಲ ಎಂದು ಸಂತೋಷಪಡಬೇಕಿತ್ತು. ಅದರ ಬದಲು ಮೈ ಜುಂ ಎಂದಿತು. ಹಿಂದಕ್ಕೆ ಹೋಗಿ ಹುಡುಕಿದರೆ ಚಪ್ಪಲಿ ಬಸ್ಸು ನಿಲ್ಲುವ ಜಾಗದಲ್ಲೇ ಬಿದ್ದಿತ್ತು. ಅಲ್ಲಿಂದ ಅಷ್ಟೂ ದೂರ ನಾನು ಕಲ್ಲು ಮುಳ್ಳು ನೋಡದೆ ಮಾತಾಡಿಕೊಂಡು ನಡೆದಿದ್ದೆ. ಆಗ ನನಗೆ ನಲವತ್ತೊಂದು ವರ್ಷ.

ಇದು ಎಲ್ಲಿಂದ ಶುರುವಾಯಿತು ಎಂದು ಹೇಳಬೇಕಾದರೆ ನನ್ನ ಬೆನ್ನಿನ ವಿಷಯ ಹೇಳಬೇಕು. ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವ ಕಡೆ, ನನಗೆ ಹುಟ್ಟಿನಿಂದಲೇ ಒಂದು ಮೆತ್ತನೆಯ ಗಂಟು. ಕೂಸಾಗಿದ್ದಾಗ ನಿಂಬೆಹಣ್ಣಿನಷ್ಟಿದ್ದದ್ದು ನನ್ನ ಜೊತೆಗೇ ಬೆಳೆದು ಅರ್ಧ ತೆಂಗಿನ ಚಿಪ್ಪಿನಷ್ಟಾಯಿತು. ಅದರ ಮೇಲೊಂದು ಸಣ್ಣ ಕೂದಲ ಕುಚ್ಚು. ತುರುವೇಕೆರೆ ಕಡೆಯ ನನ್ನ ತವರಿನಲ್ಲಿ ಅದನ್ನು ಗಂಟು ಎನ್ನುವಂತಿರಲಿಲ್ಲ, ಬಸವಣ್ಣ ಎನ್ನಬೇಕಿತ್ತು. ಹೆರಿಗೆ ಮಾಡಿಸಿದ ಸೂಲಗಿತ್ತಿ ಕೂಸನ್ನು ಮಗುಚಿ ನೋಡಿ, "ಬಸವಣ್ಣನ ಡುಬ್ಬ ಹೊತ್ಕಂಡು ಬಂದವ್ಳೆ ಕಣವ್ವ" ಎಂದಳಂತೆ. ನಮ್ಮದು ಶಿವಭಕ್ತರ ಮನೆ. ಅವ್ವನಿಗೆ ಅಷ್ಟು ಸಾಕಾಯಿತು.

ಪ್ರತಿ ಸೋಮವಾರ ಎಣ್ಣೆ ನೀರು ಹಾಕಿದ ಮೇಲೆ ಅವ್ವ ನನ್ನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ, ಗಂಟಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಕೈಮುಗಿದು ಏಳಿಸುತ್ತಿದ್ದಳು. ಸೂಜಿ, ಕತ್ತಿ, ಕುಡುಗೋಲು, ಯಾವ ಕಬ್ಬಿಣವೂ ಅದಕ್ಕೆ ಸೋಕಬಾರದು. ಶಾಲೆಯಲ್ಲಿ ಓಡುವಾಗ ನಾನು ಎಡಗಾಲು ಎಳೆದರೆ, ಹಿಂದಿನ ಸೋಮವಾರ ವಿಭೂತಿ ತಪ್ಪಿತ್ತು ಅಂತಲೇ ಲೆಕ್ಕ. ಎಡ ಪಾದ ಬಲ ಪಾದಕ್ಕಿಂತ ಒಂದು ಬೆರಳಷ್ಟು ಗಿಡ್ಡವಾಗಿ, ಬೆರಳುಗಳು ಒಳಕ್ಕೆ ಮಡಚಿಕೊಂಡು ಬೆಳೆದಾಗಲೂ ಅವ್ವ, "ದ್ಯಾವ್ರು ಹೊತ್ತ ಮೈ, ಒಂಚೂರು ಹೆಚ್ಚು ಕಮ್ಮಿ ಆಯ್ತದೆ ಬುಡು" ಎಂದಳು. ನಾನೂ ನಂಬಿದ್ದೆ. ಮದುವೆಯಾಗಿ ಬಂದ ಮೇಲೂ ಸೋಮವಾರ ಬಿಡಲಿಲ್ಲ. ಕೈ ಹಿಂದಕ್ಕೆ ಮಾಡಿ ಅಂದಾಜಿನಲ್ಲಿ ಬಳಿದುಕೊಳ್ಳುತ್ತಿದ್ದೆ. "ನಿನ್ ಬೆನ್ನಿಗೊಂದು ಗುಡಿ ಕಟ್ಸಿ, ನಾನೇ ಪೂಜಾರಿ ಆಗೋಯ್ತೀನಿ" ಎಂದು ನಮ್ಮನೆಯವರು ರೇಗಿಸುತ್ತಿದ್ದರು. ಬರಬರುತ್ತಾ ಅವರಿಗೂ ರೂಢಿಯಾಯಿತು.

ಮಗಳು ಹುಟ್ಟುವಾಗ ಸಿಸೇರಿಯನ್ ಮಾಡಬೇಕಾಯಿತು. ಬೆನ್ನಿಗೆ ಅರಿವಳಿಕೆ ಸೂಜಿ ಹಾಕಲು ಬಂದ ಡಾಕ್ಟರು ಗಂಟು ಕಂಡ ತಕ್ಷಣ ಕೈ ಹಿಂದಕ್ಕೆ ತೆಗೆದುಕೊಂಡರು. ಪೂರ್ತಿ ಪ್ರಜ್ಞೆ ತಪ್ಪಿಸಿಯೇ ಆಪರೇಷನ್ ಮಾಡಿದರು. ಮನೆಗೆ ಹೊರಡುವ ದಿನ ಅವರು ಮಂಚದ ಹತ್ತಿರ ಬಂದು, "ಇದನ್ನ ಒಂದು ಸಲ ದೊಡ್ಡ ಆಸ್ಪತ್ರೇಲಿ ತೋರಿಸಮ್ಮ, ಮರೀಬೇಡ" ಎಂದರು. ಮರೆತೆ. ಸುಳ್ಳು ಯಾಕೆ ಹೇಳಲಿ, ಮರೆಯಲಿಲ್ಲ, ಬೇಕೆಂದೇ ಸುಮ್ಮನಿದ್ದೆ. ಸೂಜಿಯೇ ಹೆದರಿ ಹಿಂದೆ ಸರಿಯಿತು ಎಂದು ಅವ್ವ ಊರೆಲ್ಲ ಹೇಳಿಕೊಂಡು ಬಂದಳು.

ಚಪ್ಪಲಿ ಕಳೆದ ಮೇಲೆ ಒಂದರ ಹಿಂದೊಂದು ಶುರುವಾಯಿತು. ನಮ್ಮ ಕಡೆ ಕಾಯಿ ಕೊಬ್ಬರಿಯಾಗುವುದು ಮನೆಯ ಅಟ್ಟದ ಮೇಲೆ. ಸಿಪ್ಪೆ ಸಮೇತ ಕಾಯಿ ಏರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ತಾನಾಗಿ ಚಿಪ್ಪಿನಿಂದ ಬಿಡುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ಉಂಡೆ ಉರುಳಿದ ಸದ್ದು ಬಂದರೆ ಕೊಬ್ಬರಿ ಆಯಿತು ಅಂತ. ನಮ್ಮ ಮನೆಯಲ್ಲಿ ಆ ಸದ್ದು ಹಿಡಿಯುವ ಕಿವಿ ನನ್ನದು. ಅಟ್ಟ ಇಳಿಸುವ ದಿನಗಳಲ್ಲಿ ನಾನು ಕೇಳಿ ಒಪ್ಪಿದ ಕಾಯಿ ಮಾತ್ರ ಸುಲಿಯುವವರ ಮುಂದೆ ಹೋಗಬೇಕು. ಅದರಲ್ಲಿ ನನಗೆ ಜಂಬವಿತ್ತು, ಇಲ್ಲ ಎನ್ನುವುದಿಲ್ಲ. ಆ ವರ್ಷ ಅಟ್ಟ ಇಳಿಸುವಾಗ ಬಗ್ಗಿ ಕಾಯಿ ಎತ್ತಿಕೊಂಡರೆ ಸಾಕು, ಸೊಂಟದಿಂದ ಎಡಗಾಲಿಗೆ ಬರೆ ಎಳೆದಂತೆ ನೋವು. ಹಲ್ಲು ಕಚ್ಚಿಕೊಂಡು ಮುಗಿಸಿದೆ.

ಅದಾದ ಕೆಲವು ದಿನಕ್ಕೆ ಬಚ್ಚಲ ಒಲೆಗೆ ಚಿಪ್ಪು ತುಂಬಿ ಸ್ನಾನದ ನೀರು ಕಾಯಿಸುತ್ತಿದ್ದೆ. ಏನೋ ಸುಟ್ಟ ವಾಸನೆ. ಸೆರಗು ನೋಡಿಕೊಂಡೆ, ಹಂಡೆಯ ಸುತ್ತ ನೋಡಿದೆ, ಒಲೆಯ ಹಿಂದೆ ಇಲಿಗಿಲಿ ಬಿದ್ದಿದೆಯೇನೋ ಎಂದು ಬಗ್ಗಿ ನೋಡಿದೆ. ಎಲ್ಲೂ ಏನೂ ಇಲ್ಲ. ಕೊನೆಗೆ ಕಂಡದ್ದು ನನ್ನ ಎಡ ಪಾದದ ಪಕ್ಕದಿಂದ ಏಳುತ್ತಿದ್ದ ಹೊಗೆ. ಒಲೆಯಿಂದ ಸಿಡಿದ ಚಿಪ್ಪಿನ ಕೆಂಡವೊಂದರ ಮೇಲೆ ನಾನು ನಿಂತಿದ್ದೆ. ಸುಡುತ್ತಿದ್ದದ್ದು ನಾನೇ. ಅಯ್ಯೋ ಶಿವನೇ ಎಂದು ಕಾಲು ಕೊಡವಿದೆ. ಆ ದಿನ ನಾನು ನಿಜವಾಗಿ ಹೆದರಿದೆ.

ಗಾಯ ತಿಂಗಳುಗಟ್ಟಲೆ ಆರಲಿಲ್ಲ. ತಿಪಟೂರಿನ ಡಾಕ್ಟರು ಗಾಯ ನೋಡಿದರು, ಪಾದ ನೋಡಿದರು, ಆಮೇಲೆ "ತಿರುಗಿ ನಿಂತ್ಕೊಳ್ಳಿ" ಎಂದು ಬೆನ್ನು ನೋಡಿದರು. ಬೆಂಗಳೂರಿನ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿ ಎಂಆರ್‌ಐ ಮಾಡಿದರು. ಮೂತ್ರಕೋಶ ಹೇಗೆ ತುಂಬುತ್ತದೆ, ಹೇಗೆ ಖಾಲಿಯಾಗುತ್ತದೆ ಎಂಬುದಕ್ಕೂ ಒಂದು ಪರೀಕ್ಷೆ ಮಾಡಿದರು. ಕಾಲಿನ ನೋವಿಗೆ ಇದೆಂಥ ಪರೀಕ್ಷೆ ಎಂದು ನಾನು ನರ್ಸಿನ ಮೇಲೆ ಸಿಡುಕಿದೆ.

ಅಲ್ಲಿನ ಸರ್ಜನ್ ನನಗಿಂತ ಚಿಕ್ಕವರು. ಪರದೆಯ ಮೇಲೆ ನನ್ನ ಬೆನ್ನನ್ನು ತೋರಿಸಿ ನಿಧಾನವಾಗಿ ಹೇಳಿದರು. "ಮಿದುಳಿನಿಂದ ಇಳಿಯೋ ನರದ ಹುರಿ ಎಲ್ಲರಿಗೂ ಸೊಂಟದ ಮೇಲೆಯೇ ಮುಗಿದುಬಿಡುತ್ತೆ. ನಿಮ್ಮದು ಕೆಳಗಿನವರೆಗೂ ಬಂದಿದೆ ನೋಡಿ. ನಿಮ್ಮ ಬೆನ್ನಿನ ಗಂಟು ಬರೀ ಚರ್ಮದ ಕೆಳಗಿನ ಕೊಬ್ಬಲ್ಲ. ಹುಟ್ಟುವಾಗಲೇ ಮೂಳೆ ಮುಚ್ಚದೆ ಬಿಟ್ಟ ಸಂದಿಯಿಂದ ಒಳಗೆ ಹೋಗಿ ಹುರಿಗೇ ಅಂಟಿಕೊಂಡಿದೆ. ನೀವು ಬಗ್ಗಿದಾಗಲೆಲ್ಲ ಅದು ಹುರಿಯನ್ನ ಕೆಳಗಿಂದ ಜಗ್ಗುತ್ತೆ. ನಲವತ್ತು ವರ್ಷದಿಂದ ಜಗ್ಗುತ್ತಾ ಇದೆ."

ಎಳೆಗರುವಿನಲ್ಲಿ ಕಟ್ಟಿದ ಹಗ್ಗವನ್ನು ಅದು ಹಸುವಾದರೂ ಬಿಚ್ಚದೆ ಬಿಟ್ಟ ಹಾಗೆ ಎಂದುಕೊಂಡೆ. ನಮ್ಮನೆಯವರು, "ಹಂಗಾರೆ ಬಿಚ್ಚಬೋದಲ್ಲ ಸಾರ್?" ಎಂದರು. ಅವರಿಗೂ ಅದೇ ಹೊಳೆದಿತ್ತೋ ಏನೋ.

"ಬಿಚ್ಚಬಹುದು. ಮೂಳೆ ತೆಗೆದು, ಅಂಟಿಕೊಂಡಿರೋದನ್ನ ಬಿಡಿಸಿ, ಆಗುವಷ್ಟು ಕೊಬ್ಬು ತೆಗೀತೀವಿ. ಪೂರ್ತಿ ಅಲ್ಲ. ಕೆಲವು ನರ ಕೊಬ್ಬಿನೊಳಗೇ ಹಾದು ಹೋಗಿರುತ್ತೆ, ಅಷ್ಟನ್ನ ಮುಟ್ಟಲ್ಲ."

"ಆಪರೇಷನ್‌ನಿಂದ್ಲೇ ಕಾಲು ಹೋಗ್ಬೋದಾ?" ಎಂದು ನಾನು ನೇರವಾಗಿ ಕೇಳಿದೆ.

"ಹೋಗಬಹುದು. ಹಾಗಾಗೋದು ಕಡಿಮೆ. ಆಗೋದೇ ಇಲ್ಲ ಅಂತ ಮಾತ್ರ ನಾನು ಬರೆದುಕೊಡಲ್ಲ." ಆಮೇಲೆ ಅವರು ಇನ್ನೊಂದು ಹಾಳೆ ತೆಗೆದರು. "ಇದು ನಿಮ್ಮ ಮೂತ್ರದ ಪರೀಕ್ಷೆ. ಇಲ್ಲಿಗೆ ಹೋಗೋ ನರ ಇನ್ನೂ ಚೆನ್ನಾಗಿ ಕೆಲಸ ಮಾಡ್ತಿದೆ. ಮುಖ್ಯವಾಗಿ ಇದನ್ನ ಉಳಿಸಿಕೊಳ್ಳೋಕೇ ಆಪರೇಷನ್ ಮಾಡಿಸಿಕೊಳ್ಳಿ ಅಂತಿದೀನಿ. ಇದು ಹೋದರೆ ವಾಪಸ್ ತರೋದು ನನ್ನ ಕೈಲಿಲ್ಲ. ಹೋಗೋಕೆ ಮುಂಚೆ ಬನ್ನಿ."

"ಅಟ್ಟ ಇಳಿಸಿದ ಮೇಲೆ ಬತ್ತೀವಿ ಸಾರ್" ಎಂದೆ. ಹೊಸ ಕಾಯಿ ಆಗಷ್ಟೇ ಅಟ್ಟಕ್ಕೇರಿತ್ತು.

"ಅದಕ್ಕೆಷ್ಟು ದಿನ?"

"ಹನ್ನೊಂದು ತಿಂಗ್ಳು."

ಅವರು ಪೆನ್ನು ಮೇಜಿನ ಮೇಲಿಟ್ಟರು. "ಒಂದು ತಿಂಗಳೊಳಗೆ ಬನ್ನಿ ಅಮ್ಮ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮನೆಯವರು ಕೇಳಿದರು. "ಅಟ್ಟದ್ ಮೇಲಿನ್ ಕಾಯಿ ನಿನ್ ಮುಖ ನೋಡ್ಕಂಡು ಒಣಗ್ತವಾ? ನೀನಿಲ್ದಿದ್ರೆ ಒಣಗಲ್ವಾ?" ಕಾಯಿ ಅದರ ಪಾಡಿಗೆ ಒಣಗುತ್ತದೆ, ನನಗೇನು ಗೊತ್ತಿಲ್ಲವೇ. ಇಳಿಸುವ ಹೊತ್ತಿಗೆ ನಾನು ಮಂಚ ಹಿಡಿದಿದ್ದರೆ, ಕಾಲೇ ಇಲ್ಲವಾಗಿದ್ದರೆ, ಬೇರೆ ಯಾರೋ ನನ್ನ ಜಾಗದಲ್ಲಿ ಕೂತು ಕಾಯಿಯನ್ನು ಕಿವಿಗೆ ಹಿಡಿಯುತ್ತಾರಲ್ಲ, ಅದು ಕಣ್ಣ ಮುಂದೆ ಬಂತು. ಇದೊಂದು ಅಟ್ಟ ನನ್ನ ಕಾಲ ಮೇಲೆ ನಿಂತು ಇಳಿಸಿಬಿಡುತ್ತೇನೆ ಎಂದುಕೊಂಡೆ. ಹೊಟ್ಟೆಯೊಳಗಿದ್ದದ್ದು ಭಯ. ಅದನ್ನು ಭಯ ಎನ್ನಲು ನಾಚಿಕೆಯಾಗಿ ಅಟ್ಟ ಎಂದೆ.

ಮನೆಗೆ ಬಂದ ದಿನವೇ ಅವ್ವನಿಗೆ ಫೋನ್ ಮಾಡಿದೆವು. ಬೆನ್ನು ಕುಯ್ಯುವ ಮಾತು ಕೇಳಿ ಅವಳು ಗೊಳೋ ಎಂದು ಅತ್ತಳು. "ಕಬ್ಬಿಣ ಸೋಕಿಸ್ಬ್ಯಾಡ ಮಗಾ, ನಿನ್ ಕಾಲ್ ಕಟ್ಕತ್ತೀನಿ" ಎಂದಳು. ನನಗೆ ಹೊಟ್ಟೆ ತಣ್ಣಗಾಯಿತು. "ನೋಡ್ರೀ, ಅವ್ವನೇ ಬ್ಯಾಡ ಅಂತವ್ಳೆ, ಹೆತ್ತವ್ಳ ಮಾತು ಮೀರಕ್ಕಾಗ್ತದಾ?" ಎಂದು ನಮ್ಮನೆಯವರಿಗೆ ಹೇಳಿದೆ. ಅವರು ಎದ್ದು ಹೋದರು.

ಒಂದು ವಾರ ಕಳೆದು ಅವ್ವನೇ ಫೋನ್ ಮಾಡಿದಳು. ನಾನೊಬ್ಬಳೇ ಇದ್ದೆ. "ಮಗಾ, ನಾನು ಸ್ಯಾನೆ ಯೋಚ್ನೆ ಮಾಡ್ದೆ" ಎಂದಳು. "ದ್ಯಾವ್ರು ಬ್ಯಾರೆ, ನಿನ್ ಕಾಲು ಬ್ಯಾರೆ. ಡಾಕ್ಟ್ರು ಹೇಳ್ದಂಗೆ ಮಾಡಿಸ್ಕೊ. ಬಸವಣ್ಣನ ಹತ್ರ ನಾನು ಕೇಳ್ಕತ್ತೀನಿ, ತಪ್ಪಿದ್ರೆ ನನ್ ಮ್ಯಾಲೆ ಹಾಕು ಅಂತೀನಿ." ಆತುಕೊಂಡಿದ್ದ ಗೋಡೆಯನ್ನು ಯಾರೋ ತೆಗೆದ ಹಾಗಾಯಿತು. "ಆಯ್ತು ಬುಡವ್ವ" ಎಂದು ಫೋನಿಟ್ಟೆ. ತೋಟದಿಂದ ಬಂದ ನಮ್ಮನೆಯವರು ಯಾರದು ಫೋನು ಎಂದು ಕೇಳಿದರು.

"ಅವ್ವ. ಇನ್ನೂ ಅದೇ ಹಟ" ಎಂದೆ.

ಅಷ್ಟು ಸಲೀಸಾಗಿ ಬಂತು ಸುಳ್ಳು. ಆಮೇಲೆ ಅವರು ಎಷ್ಟು ಸಲ ಕೇಳಿದರೂ ಅದನ್ನೇ ಹೇಳಿದೆ. ಅವ್ವನಿಗೆ, ಡಾಕ್ಟರು ನಿಧಾನಕ್ಕೆ ಬಂದರೂ ಸಾಕು ಅಂದಿದ್ದಾರೆ ಎಂದೆ. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಮೂರನೆಯ ಸಲ ನಾನು ಎತ್ತಲೇ ಇಲ್ಲ.

ಆ ತಿಂಗಳುಗಳಲ್ಲಿ ಆದದ್ದನ್ನೂ ಹೇಳಬೇಕು. ಮೊದಲು ಮೈಯಲ್ಲಿ ಕೂರುವ ಭಾಗ ಮರಗಟ್ಟತೊಡಗಿತು. ಕಟ್ಟೆಯ ಮೇಲೆ ಕೂತರೆ ಕಲ್ಲಿನ ಬಿಸಿ ತಿಳಿಯುತ್ತಿರಲಿಲ್ಲ. ಆಮೇಲೆ ಬಚ್ಚಲಿಗೆ ಹೋದರೆ ಮೂತ್ರ ಬರಲು ಹೊತ್ತಾಗುತ್ತಿತ್ತು, ಬಂದರೆ ಪೂರ್ತಿ ಬರುತ್ತಿರಲಿಲ್ಲ. ಅದಾದ ಮೇಲೆ ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಒದ್ದೆ. ನಾನು ಹಳೆಯ ಸೀರೆ ಹರಿದು ಮಡಚಿ ಇಟ್ಟುಕೊಳ್ಳತೊಡಗಿದೆ. ಒಗೆದು ಕೊಟ್ಟಿಗೆಯ ಹಿಂದೆ, ಯಾರೂ ಹೋಗದ ಕಡೆ ಒಣಹಾಕುತ್ತಿದ್ದೆ. ಡಾಕ್ಟರು ಹಾಳೆ ಹಿಡಿದು ಹೇಳಿದ್ದು ಇದನ್ನೇ ಎಂದು ನನಗೆ ತಿಳಿದಿತ್ತು. ತಿಳಿಯಲಿಲ್ಲ ಎಂದು ಹೇಳಿಕೊಳ್ಳುವಷ್ಟು ದಡ್ಡಿಯಲ್ಲ ನಾನು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದೆ. ಆ ವರ್ಷ ಅಟ್ಟದಲ್ಲಿ ಕೆಲವು ಕಾಯಿ ಕೊಳೆತು, ನಡುಮನೆಯ ನೆಲದ ಮೇಲೆ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. ಒರೆಸಿದಷ್ಟೂ ನಾತ ಹೋಗುತ್ತಿರಲಿಲ್ಲ. ಅದು ಕಾಯಿಯ ನಾತವೋ ನನ್ನದೋ ಎಂದು ಮೂಸಿ ನೋಡಿಕೊಳ್ಳುವ ಹಾಗಾಗಿತ್ತು ನನ್ನ ಪಾಡು.

ಒಂಬತ್ತನೆಯ ತಿಂಗಳು. ಮಗಳನ್ನು ತಿಪಟೂರಿನ ಹಾಸ್ಟೆಲ್ಲಿಗೆ ಬಿಟ್ಟು ಬರುವಾಗ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಮಧ್ಯಾಹ್ನದ ಹೊತ್ತು, ತುಂಬ ಜನ. ಎಳನೀರು ಮಾರುವ ಒಬ್ಬ ಹೆಂಗಸಿನ ಬೆಂಚಿನ ಮೇಲೆ ಕೂತು ಎಳನೀರು ಕುಡಿದೆ. ಬಸ್ಸು ಬಂದಂತಾಗಿ ಎದ್ದು ನಿಂತೆ. ಆ ಹೆಂಗಸು ಕತ್ತಿ ಕೆಳಗಿಟ್ಟು, ನನ್ನ ಹಿಂದೆ ಬಂದು ಮೈಗೆ ಮೈ ಹತ್ತಿಸಿ ನಿಂತಳು.

"ಅಕ್ಕಾ, ಅಲ್ಲಾಡ್ಬ್ಯಾಡ್ರಿ. ಸೀರೆ ಹಿಂದೆಲ್ಲ ನೆಂದೋಗೈತೆ" ಎಂದು ಕಿವಿಯಲ್ಲಿ ಹೇಳಿದಳು.

ನನಗೆ ಏನೆಂದರೆ ಏನೂ ತಿಳಿದಿರಲಿಲ್ಲ. ಬೆಂಚಿನಿಂದ ನೆಲಕ್ಕೆ ಇಳಿದಿತ್ತು. ಅವಳು ಒಂದು ಚೊಂಬು ನೀರು ತಂದು, ಬೆಂಚು ತೊಳೆಯುವವಳಂತೆ ಸುರಿದು, "ಥೂ, ಎಳ್ನೀರೆಲ್ಲ ಚೆಲ್ಲೋಯ್ತು" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದಳು. ತನ್ನ ಟವಲನ್ನು ನನ್ನ ಸೊಂಟಕ್ಕೆ ಸುತ್ತಿದಳು. ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ. ಅವಳ ಭುಜ ಹಿಡಿದುಕೊಂಡು ಅತ್ತುಬಿಟ್ಟೆ. ಯಾರ ಮುಂದೆಯೂ ಹಾಗೆ ಅತ್ತವಳಲ್ಲ ನಾನು.

ಮನೆಗೆ ಬಂದು ನಮ್ಮನೆಯವರಿಗೆ ಎಲ್ಲ ಹೇಳಿದೆ. ಎಲ್ಲ ಎಂದರೆ ಒಂದು ಬಿಟ್ಟು. ಅವರು ಕೊಟ್ಟಿಗೆಯ ಹಿಂದೆ ಹೋಗಿ ಅಲ್ಲಿ ಒಣಗುತ್ತಿದ್ದ ಬಟ್ಟೆಗಳನ್ನು ನೋಡಿ ಬಂದರು. ಮುಖ ಕಪ್ಪಿಟ್ಟಿತ್ತು. "ನಂಗೂ ಹೇಳ್ಬಾರ್ದು ಅನ್ನಿಸ್ತಲ್ಲ ನಿಂಗೆ" ಎಂದರು. ಆಮೇಲೆ ಸಿಟ್ಟು ಬೇರೆ ಕಡೆ ತಿರುಗಿತು. "ಆ ಮುದುಕಿ ಹಟದಿಂದ ಇಷ್ಟೆಲ್ಲ ಆಯ್ತು. ನಿಮ್ಮವ್ವ ಒಪ್ಲಿ ಬುಡ್ಲಿ, ನಾಳೆ ಬೆಂಗ್ಳೂರಿಗೆ ಹೋಗದೇ."

ನಾನು ತಲೆ ತಗ್ಗಿಸಿದೆ. ಅಟ್ಟ ಇಳಿಸಲು ಇನ್ನೂ ಎರಡು ತಿಂಗಳಿತ್ತು. ಅದನ್ನು ಯಾರು ಇಳಿಸಿದರೋ, ಯಾರ ಕಿವಿಯಿಂದ ಆರಿಸಿದರೋ ನಾನು ಇವತ್ತಿನವರೆಗೂ ಕೇಳಿಲ್ಲ.

ಸರ್ಜನ್ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮತ್ತೆ ಅದೇ ಮೂತ್ರದ ಪರೀಕ್ಷೆ ಮಾಡಿಸಿ, ಹಾಳೆಯನ್ನು ಬಹಳ ಹೊತ್ತು ನೋಡಿ, ಫೈಲಿನೊಳಗೆ ಇಟ್ಟರು. "ಇನ್ನು ಕಾಲನ್ನಾದರೂ ಉಳಿಸಿಕೊಳ್ಳೋಣ" ಎಂದರು. ಆ 'ಕಾಲನ್ನಾದರೂ' ಎಂಬ ಮಾತು ನನ್ನೊಬ್ಬಳಿಗೇ ಕೇಳಿಸಿತು ಎಂದು ಕಾಣುತ್ತದೆ.

ಆಪರೇಷನ್ನಿನ ಹಿಂದಿನ ದಿನ ಅವ್ವ ತುರುವೇಕೆರೆಯಿಂದ ಬಂದಳು. ನರ್ಸಿನ ಹತ್ತಿರ ಅಪ್ಪಣೆ ಕೇಳಿ, ನನ್ನನ್ನು ಬೋರಲು ಮಲಗಿಸಿ, ಗಂಟಿನ ಮೇಲೆ ಕೊನೆಯ ಸಲ ವಿಭೂತಿ ಎಳೆದಳು. ಅವಳ ಮೂರು ಬೆರಳೂ ನನಗೆ ತಿಳಿದವು, ಅಲ್ಲಿ ಇನ್ನೂ ಅಷ್ಟು ಸ್ಪರ್ಶವಿತ್ತು. "ತಪ್ಪು ನಂದು, ಮಗೀದಲ್ಲ" ಎಂದು ಅವಳು ಬಸವಣ್ಣನಿಗೆ ಹೇಳಿಕೊಂಡಳು. ಏನು ತಪ್ಪು ಎಂದು ನಾನು ಕೇಳಲಿಲ್ಲ. ಹೆದರಿಕೆಯಲ್ಲಿ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡೆ. ಬೆಳಿಗ್ಗೆ ಕಂದು ಬಣ್ಣದ ಔಷಧಿ ಹಚ್ಚಿ ನರ್ಸು ಅದನ್ನೆಲ್ಲ ಒರೆಸಿ ತೆಗೆದಳು.

ಆಪರೇಷನ್ ಮಾಡುವಾಗ ನನ್ನ ಕಾಲುಗಳಿಗೆ, ಗುದದ್ವಾರಕ್ಕೆ ಸೂಜಿ ಚುಚ್ಚಿ ವೈರು ಸಿಕ್ಕಿಸಿದ್ದರಂತೆ. ಯಾವುದು ನರ, ಯಾವುದು ಕೊಬ್ಬು ಎಂದು ಕುಯ್ಯುವ ಮುಂಚೆ ಮಿಷಿನ್ನಿನಲ್ಲಿ ನೋಡಿಕೊಳ್ಳುವುದಕ್ಕೆ. ಬೆಳಿಗ್ಗೆ ಒಳಗೆ ಹೋದವಳು ಹೊರಗೆ ಬಂದಾಗ ಸಂಜೆಯಾಗಿತ್ತು. ಯಾರೋ "ಕಾಲ್ಬೆರಳು ಆಡಿಸಿ" ಎನ್ನುತ್ತಿದ್ದರು. ಬಲಗಾಲಿನದು ಆಡಿತು. ಎಡಗಾಲಿನದು ಆಡಿತೋ ಇಲ್ಲವೋ ನನಗೆ ತಿಳಿಯಲಿಲ್ಲ. "ಆಡ್ತಿದೆ, ಆಡ್ತಿದೆ" ಎಂದರು. ನಮ್ಮನೆಯವರು ಹೊರಗೆ ಗೋಡೆಗೆ ತಲೆಯಿಟ್ಟು ಅತ್ತರಂತೆ.

ಎದ್ದು ಕೂರುವಂತಿರಲಿಲ್ಲ, ಬೋರಲಾಗಿ ಮಲಗಿಯೇ ಇರಬೇಕು. ಐದನೆಯ ದಿನ ಬೆನ್ನಿನ ಪಟ್ಟಿ ಒದ್ದೆಯಾಯಿತು. ರಕ್ತವಲ್ಲ, ಕೀವಲ್ಲ, ತಿಳಿನೀರು. ನರ್ಸು ನೋಡಿದವಳೇ ಓಡಿದಳು. ಅದು ಮಿದುಳು, ನರದ ಹುರಿಯ ಸುತ್ತ ಇರುವ ನೀರು, ಹೊಲಿಗೆಯಿಂದ ಜಿನುಗುತ್ತಿದೆ, ಸೋಂಕು ತಗುಲಿದರೆ ಜೀವಕ್ಕೇ ಅಪಾಯ ಎಂದು ಮತ್ತೆ ಒಳಗೆ ಕರೆದುಕೊಂಡು ಹೋಗಿ ಹೊಲಿದರು. ಮತ್ತಷ್ಟು ದಿನ ಬೋರಲು. ದಿಂಬಿಗೆ ಮುಖ ಒತ್ತಿ, ನೆಲದ ಟೈಲ್ಸಿನ ಗೆರೆಗಳನ್ನು ನೋಡುತ್ತಾ, ಪಟ್ಟಿ ಮತ್ತೆ ಒದ್ದೆಯಾಯಿತೇ ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದೆ. ಒಂದು ಮಾತ್ರ ನಿಜ, ಕಾಲಿಗೆ ಎಳೆಯುತ್ತಿದ್ದ ಆ ನೋವು ಹೋಗಿತ್ತು. ಕಿತ್ತು ಬಿಸಾಡಿದಂತೆ ಹೋಗಿತ್ತು.

ಗಾಯ ಕೂಡಿದ ಮೇಲೆ ಮೂತ್ರದ ಪೈಪು ತೆಗೆದರು. "ನೀರು ಕುಡೀರಿ, ತಾನಾಗಿ ಬರುತ್ತಾ ನೋಡೋಣ" ಎಂದಳು ನರ್ಸು. ಕುಡಿದೆ. ಬಚ್ಚಲಲ್ಲಿ ಕೂತೆ. ನರ್ಸು ಪಕ್ಕದ ನಲ್ಲಿ ತಿರುಗಿಸಿ ನೀರು ಬಿಟ್ಟಳು, ಆ ಸದ್ದಿಗೆ ಬರುತ್ತದೆ ಎಂದು. ಹೊಟ್ಟೆ ಕಲ್ಲಾಗಿತ್ತು. ಬಕೆಟ್ಟು ತುಂಬಿ ಹರಿಯಿತು, ನನ್ನಿಂದ ಒಂದು ಹನಿ ಬರಲಿಲ್ಲ. ಮಧ್ಯಾಹ್ನದವರೆಗೂ ಕಾದರು. ಆಮೇಲೆ ಅವಳು ತೆಳ್ಳನೆಯ ಪೈಪು, ಒಂದು ಕನ್ನಡಿ ತಂದು, ನಾನೇ ಹಾಕಿಕೊಂಡು ಖಾಲಿ ಮಾಡಿಕೊಳ್ಳುವುದನ್ನು ಕಲಿಸಿದಳು. ದಿನಕ್ಕೆ ನಾಲ್ಕೈದು ಸಲ. ಕಲಿತೆ. ಕಲಿಯದೆ ಏನು ಮಾಡಲಿ?

ಮೂರು ತಿಂಗಳ ಮೇಲೆ ತೋರಿಸಲು ಹೋದಾಗ ನಮ್ಮನೆಯವರು ಔಷಧಿ ತರಲು ಕೆಳಗೆ ಹೋಗಿದ್ದರು. ನಾನು ಡಾಕ್ಟರನ್ನು ಕೇಳಿದೆ. "ಸಾರ್, ಇದು ಎಂದಾದ್ರೂ ಸರಿಹೋಗ್ತದಾ? ಆಪರೇಷನ್ ಮಾಡ್ಸಿದ್ಕೇ ಹಿಂಗಾಯ್ತಾ?"

ಅವರು ಎರಡು ಹಾಳೆಗಳನ್ನು ನನ್ನ ಮುಂದೆ ಅಕ್ಕಪಕ್ಕ ಇಟ್ಟರು. "ಇದು ನೀವು ಮೊದಲ ಸಲ ಬಂದಾಗಿನದು. ಇದು ಆಪರೇಷನ್ನಿಗೆ ಮುಂಚೆ ತೆಗೆದದ್ದು. ನೀವು ವಾಪಸ್ ಬರೋ ಹೊತ್ತಿಗೇ ಹೋಗಿಬಿಟ್ಟಿತ್ತು ಅಮ್ಮ. ಆ ಒಂಬತ್ತು ತಿಂಗಳಲ್ಲಿ ಹೋಯ್ತು. ಇನ್ನು ಬರುತ್ತೆ ಅಂತ ನನಗನ್ನಿಸಲ್ಲ. ನಡೀತಿದೀರಲ್ಲ, ಅದನ್ನ ನೋಡಿ ಸಮಾಧಾನ ಮಾಡಿಕೊಳ್ಳಿ."

ಔಷಧಿ ಚೀಲ ಹಿಡಿದು ಬಂದ ನಮ್ಮನೆಯವರು ಏನಂದರು ಎಂದು ಕೇಳಿದರು. "ನಿಧಾನಕ್ಕೆ ನೋಡ್ಬೇಕಂತೆ" ಎಂದೆ.

ನನ್ನನ್ನು ನೋಡಿಕೊಳ್ಳಲು ಅವ್ವ ನಮ್ಮ ತೋಟದ ಮನೆಯಲ್ಲೇ ಇದ್ದಳು. ಬೆಂಗಳೂರಿನಿಂದ ಬಂದ ಮಾರನೆಯ ದಿನ ಮಧ್ಯಾಹ್ನ, ಕೋಣೆಯಲ್ಲಿ ಕನ್ನಡಿ ಇಟ್ಟುಕೊಂಡು ಪೈಪು ಹಾಕಿಕೊಳ್ಳುತ್ತಿದ್ದೆ. ಅಲ್ಲಿಯವರೆಗೂ ಅದನ್ನು ಕಣ್ಣಾರೆ ನೋಡಿರದ ಅವ್ವ ತಿಳಿಯದೆ ಬಾಗಿಲು ತೆಗೆದಳು. ನೋಡಿದಳು. ಹೊಸ್ತಿಲ ಹೊರಗೆ ಹಾಗೇ ಕುಸಿದು ಕೂತಳು.

"ಮಗಾ, ನಿಂಗೊಂದು ಮಾತು ಹೇಳಿಲ್ಲ ನಾನು" ಎಂದಳು. "ನಿಂಗಾಗ ಎಂಟು ವರ್ಸ. ಇಸ್ಕೂಲಿಗೆ ಬಂದಿದ್ದ ಡಾಕ್ಟ್ರಮ್ಮ ನಿನ್ ಕಾಲು, ಬೆನ್ನು ಎಲ್ಲ ನೋಡಿ ನನ್ನ ಕರೆಸಿದ್ರು. ಬೆಂಗ್ಳೂರಿಗೆ ಕರ್ಕಂಡೋಗಿ ಆಪ್ರೇಸನ್ ಮಾಡ್ಸು, ಇಲ್ಲಾಂದ್ರೆ ಮುಂದೆ ಕಾಲು ಹೋಯ್ತದೆ, ಉಚ್ಚೆ ಕಟ್ಕತದೆ ಅಂತ ಚೀಟಿ ಬರ್ಕೊಟ್ರು. ನಾನು ನಿಮ್ಮಪ್ಪಂಗೂ ತೋರಿಸ್ಲಿಲ್ಲ. ಬಸವಣ್ಣಂಗೆ ಕತ್ತಿ ಹಾಕು ಅಂತಾಳಲ್ಲ ಇವ್ಳು ಅಂತ ಒಲೆಗೆ ಹಾಕ್ಬುಟ್ಟೆ." ಅವಳು ಎದೆ ಎದೆ ಬಡಿದುಕೊಂಡಳು. "ನನ್ನಿಂದ ಆಯ್ತು ಮಗಾ ಇದು. ನಾನೇ ಮಾಡ್ದೆ."

ನನಗೆ ಮೊದಲು ಬಂದದ್ದು ಸಿಟ್ಟು. ಮೂವತ್ತು ಚಿಲ್ಲರೆ ವರ್ಷ ಆ ಮಾತು ನುಂಗಿಕೊಂಡಳಲ್ಲ, ಮದುವೆಯವರೆಗೂ ಪ್ರತಿ ಸೋಮವಾರ ವಿಭೂತಿ ಎಳೆದಳಲ್ಲ ಇವಳು! ಬಾಯಿಗೆ ಬಂದದ್ದೆಲ್ಲ ಬೈದೆ. ನನ್ನ ಕಾಲು ಇವಳಿಂದ ಕೆಟ್ಟಿತು, ಅದು ನಿಜವೇ ಇರಬಹುದು. ಅವಳು ಅಳುತ್ತಿದ್ದದ್ದು ಕಾಲಿಗಲ್ಲ, ನನ್ನ ಕೈಯಲ್ಲಿದ್ದ ಪೈಪು ನೋಡಿ. ಅದು ಯಾವಾಗ ಹೋಯಿತು, ಯಾರಿಂದ ಹೋಯಿತು ಎಂದು ಹಿಂದಿನ ದಿನವಷ್ಟೇ ಎರಡು ಹಾಳೆ ಇಟ್ಟು ನನಗೆ ತೋರಿಸಿದ್ದರು. ನೀನು ಮಾಡಿಸಿಕೋ ಅಂದಿದ್ದೆ ಕಣವ್ವ, ನಾನೇ ಹೋಗಲಿಲ್ಲ. ಇಷ್ಟೇ ಹೇಳಬೇಕಿದ್ದದ್ದು. ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಸಿಟ್ಟಿನ ಕೆಳಗೆ ಇನ್ನೊಂದು ಇತ್ತು, ಹೇಳಲು ಅಸಹ್ಯವಾಗುತ್ತದೆ: ನನಗೆ ಹಗುರವಾಗಿತ್ತು.

ನಮ್ಮನೆಯವರು ಅಂಗಳದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಆ ದಿನದಿಂದ ಅವರು ಅವ್ವನ ಜೊತೆ ಮಾತು ಬಿಟ್ಟರು. ಬೈಯಲಿಲ್ಲ, ಜಗಳವಾಡಲಿಲ್ಲ. ಅವಳು ಇಟ್ಟ ತಟ್ಟೆಯನ್ನು ಸರಿಸಿ ತಾವೇ ಬಡಿಸಿಕೊಂಡು ಉಂಡರು. ಅವ್ವ ಅದನ್ನೂ ತನಗೆ ಸಲ್ಲಬೇಕಾದ್ದೇ ಎನ್ನುವಂತೆ ತೆಗೆದುಕೊಂಡಳು. ಹಿಂದಿನ ವರ್ಷ ತಾನು ಫೋನ್ ಮಾಡಿ ಮಾಡಿಸಿಕೋ ಎಂದು ಹೇಳಿದ್ದನ್ನು ಅವಳು ಒಂದು ಸಲವೂ ಬಾಯಿ ಬಿಡಲಿಲ್ಲ. ಅಷ್ಟು ದೊಡ್ಡ ತಪ್ಪಿನ ಮುಂದೆ ಅದೊಂದು ಮಾತೇ ಅಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ವಾರ ತುಂಬುವ ಮುಂಚೆ ಬಟ್ಟೆ ಗಂಟು ಕಟ್ಟಿಕೊಂಡು ತುರುವೇಕೆರೆಗೆ ಹೊರಟಳು. ನಾನು ಬಾಗಿಲವರೆಗೂ ಹೋದೆ, ತಡೆಯಲಿಲ್ಲ.

ಈಗ ಪ್ರತಿ ದಿನ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅವಳ ಫೋನ್ ಬರುತ್ತದೆ. ನಮ್ಮನೆಯವರು ಫೋನಿನಲ್ಲಿ ಹೆಸರು ನೋಡಿ ಎದ್ದು ಹೋಗುತ್ತಾರೆ.

"ಆಯ್ತಾ ಮಗಾ? ಸರಾಗವಾಗಿ ಹೋಯ್ತಾ?" ಎಂದು ಕೇಳುತ್ತಾಳೆ.

"ಆಯ್ತವ್ವ."

"ನನ್ನಿಂದ ಆಯ್ತಲ್ಲ ಮಗಾ." ದಿನವೂ ಹೇಳುತ್ತಾಳೆ, ಒಂದು ದಿನ ತಪ್ಪಿಸಿಲ್ಲ.

"ಹೋಗ್ಲಿ ಬುಡವ್ವ, ಆಗಿದ್ದಾಗೋಯ್ತು" ಎನ್ನುತ್ತೇನೆ, ಅವಳನ್ನು ಕ್ಷಮಿಸಿದವಳ ಹಾಗೆ.

ಆ ಕಡೆ ಅವಳು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುವುದು ಕೇಳಿಸುತ್ತದೆ. "ನಿನ್ ಮನ್ಸು ದೊಡ್ದು ಮಗಾ" ಎಂದು ಹೇಳಿ ಫೋನಿಡುತ್ತಾಳೆ.